ನಲವತ್ತು ಪೆಟ್ಟಿಗೆ, ನಲವತ್ತು ಉಡಿ

ಒಂದೇ ಒಂದು ಗೋಧಿ ಕಾಳು. ಬಸವಕಲ್ಯಾಣದ ತಹಸೀಲ್ ಕಚೇರಿಯ ಎದುರಿಗೆ ನಿಂತಿದ್ದ ಟೆಂಪೊದ ಹಿಂದಿನಿಂದ ಉರುಳಿ ಬಂದು ಸಂಘರತ್ನನ ಚಪ್ಪಲಿಯ ಮೇಲೆ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಕಾಲು ಕೊಡವಿ ಚಹಾ ಕುಡಿಯಲು ಹೋಗುತ್ತಿದ್ದರು. ಸಂಘರತ್ನ ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ನೋಡಿದ. ಆಮೇಲೆ ಟೆಂಪೊ ನೋಡಿದ. ಟೆಂಪೊದಲ್ಲಿದ್ದದ್ದು ಬರೀ ಜೋಳದ ರೊಟ್ಟಿ. ಜೋಳದ ರೊಟ್ಟಿಯಿಂದ ಗೋಧಿ ಉದುರುವುದಿಲ್ಲ ಎಂಬಷ್ಟು ತಿಳಿವಳಿಕೆ ಅವನಿಗಿತ್ತು.

ಅದೂ ಎಂಥ ರೊಟ್ಟಿ! ಗೋರ್ಟಾದ ಇಪ್ಪತ್ತೆರಡು ಹೆಣ್ಣುಮಕ್ಕಳು ನಾಲ್ಕು ದಿನ ಬಡಿದು, ಗರಿಗರಿಯಾಗಿ ಒಣಗಿಸಿ, ನಲವತ್ತು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿದ ಖಡಕ್ ರೊಟ್ಟಿ. ಒಂದೊಂದು ಪೆಟ್ಟಿಗೆಯಲ್ಲಿ ರೊಟ್ಟಿಯ ನಾಲ್ಕು ಕಟ್ಟು, ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಒಂದು ಡಬ್ಬಿ. ಇವತ್ತು ಸಂಜೆ ನಾಲ್ಕರೊಳಗೆ ಹುಮನಾಬಾದಿನಲ್ಲಿ ತಪಾಸಣೆ, ರಾತ್ರಿ ಶಂಷಾಬಾದಿನಲ್ಲಿ ವಿಮಾನ, ನಾಳೆ ಬೆಳಗ್ಗೆ ದುಬೈ. ಗೋರ್ಟಾದಿಂದ ಇಲ್ಲಿಯವರೆಗೆ ಬಸ್ಸಿನಲ್ಲಿ ಬರುವುದಕ್ಕೇ ಅರ್ಧ ದಿನ ತಿನ್ನುವವರ ಕೈಯ ರೊಟ್ಟಿ ಸಮುದ್ರ ದಾಟಿ ಹೊರಟಿತ್ತು.

ಇದಕ್ಕೆಲ್ಲ ಕಾರಣ ಸರ್ಕಾರ. ಸಣ್ಣ ಊರಿನ ಸರಕೂ ಪರದೇಶಕ್ಕೆ ಹೋಗಲಿ ಎಂದು ಅದು ಕೊಲ್ಲಿ ದೇಶದ ಒಂದು ವಿಮಾನ ಕಂಪನಿಯ ಜೊತೆ, ಗೋದಾಮುಗಳನ್ನು ಕಟ್ಟುವ ಇನ್ನೊಂದು ಪರದೇಶಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತ್ತು. ದೊಡ್ಡವರು ಕೈಕುಲುಕಿದ ಫೋಟೊ ಪೇಪರಿನಲ್ಲಿ ಬಂದ ಎಂಟು ತಿಂಗಳಿಗೆ ಹುಮನಾಬಾದಿನ ಹೊರಗೆ ಹೆದ್ದಾರಿ ಪಕ್ಕ ಬೆಳ್ಳನೆಯ ತಗಡಿನ ರಫ್ತು ಕೇಂದ್ರ ಎದ್ದು ನಿಂತಿತು. ಕಟ್ಟಡ ಅವರದು, ವಿಮಾನ ಇವರದು, ರಸ್ತೆ ಸರ್ಕಾರದ್ದು, ರೊಟ್ಟಿ ಮಾತ್ರ ನಮ್ಮದು. ಪ್ರತಿ ಗುರುವಾರ ಒಂದು ಮಹಿಳಾ ಸಂಘದ ನಲವತ್ತು ಪೆಟ್ಟಿಗೆಗೆ ವಿಮಾನದಲ್ಲಿ ಬಿಟ್ಟಿ ಜಾಗ. ಮೊದಲ ಸಲದ ಮಾಲು ಪಾಸಾದರೆ ವರ್ಷವಿಡೀ ಆ ಜಾಗ ಆ ಸಂಘಕ್ಕೇ. ಫೇಲಾದರೆ ಕಾಯುವ ಪಟ್ಟಿಯಲ್ಲಿ ಮುಂದಿರುವವರಿಗೆ. ಅವರು ತಮ್ಮ ಪೆಟ್ಟಿಗೆಗಳನ್ನು ಮೊದಲೇ ಕೇಂದ್ರಕ್ಕೆ ತಂದಿಟ್ಟುಕೊಂಡು ಬಾಯಿ ತೆರೆದು ಕೂತಿರುತ್ತಾರೆ.

ಸಂಘರತ್ನ ಗೋರ್ಟಾ ಸಂಘದ ಕಾರ್ಯದರ್ಶಿ. ಹೆಂಗಸರ ಸಂಘಕ್ಕೆ ಗಂಡು ಕಾರ್ಯದರ್ಶಿ ಯಾಕೆಂದರೆ, ಅರ್ಜಿ ಬರೆಯುವ, ಕಚೇರಿ ಸುತ್ತುವ, ಸಾಹೇಬರ ಕೈಲಿ ಬೈಸಿಕೊಳ್ಳುವ ಕೆಲಸಕ್ಕೆ ಒಬ್ಬ ಬೇಕಿತ್ತು; ಬೈಸಿಕೊಂಡರೂ ತಿರುಗಿ ಬೈಯದ ಗುಣ ಊರಲ್ಲಿ ಅವನಿಗೊಬ್ಬನಿಗೇ ಇತ್ತು. ಮದುವೆಯ ಸೀಜನ್ನಿನಲ್ಲಷ್ಟೇ ರೊಟ್ಟಿಯ ಕೆಲಸ, ಉಳಿದ ದಿನ ಬೇರೆಯವರ ಹೊಲದಲ್ಲಿ ಕಳೆ ಕೀಳುವುದು, ಇದು ಆ ಇಪ್ಪತ್ತೆರಡು ಮಂದಿಯ ಬದುಕು. 'ವರ್ಷಪೂರ್ತಿ ರೊಟ್ಟಿ ಬಡಿಸ್ತೀನಿ' ಎಂದು ಅವರಿಗೆ ಮಾತು ಕೊಟ್ಟವನು ಅವನು. ಆ ಮಾತು ಇವತ್ತು ಟೆಂಪೊದಲ್ಲಿ ಕೂತಿತ್ತು.

ತರಬೇತಿಯ ದಿನ ಕೇಂದ್ರದ ಸಾಹೇಬರು ಬೆರಳೆತ್ತಿ ಹೇಳಿದ್ದು ಅವನ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. ಸಾಮಾನಿನ ಪಟ್ಟಿಯಲ್ಲಿ ಇಲ್ಲದ ಒಂದು ಕಾಳು ಪೆಟ್ಟಿಗೆಯಲ್ಲಿ ಸಿಕ್ಕರೂ ಇಡೀ ಮಾಲು ವಾಪಸ್. ಹೋದ ತಿಂಗಳು ಯಾರದೋ ಉಪ್ಪಿನಕಾಯಿ ಒಂದು ಹಸಿ ನಿಂಬೆಹಣ್ಣಿನಿಂದಾಗಿ ವಾಪಸಾಗಿತ್ತಂತೆ. ಅದನ್ನು ಕೇಳಿಯೇ ಸಂಘರತ್ನ ಇವತ್ತು ಬೆಳಗ್ಗೆ ಟೆಂಪೊದ ಮುಂದೆ ತೂಗುತ್ತಿದ್ದ ನಿಂಬೆಹಣ್ಣು ಮೆಣಸಿನಕಾಯಿಯನ್ನು ಬಿಚ್ಚಿಸಿದ್ದ. ಡ್ರೈವರ್ ಖಮರುದ್ದೀನ್ ಅದಕ್ಕೆ ಇನ್ನೂ ಮುಖ ಊದಿಸಿಕೊಂಡಿದ್ದ.

ಪರವಾನಗಿಯ ಝೆರಾಕ್ಸ್ ಮಾಡಿಸಲು ಐದು ನಿಮಿಷ ಗಾಡಿ ನಿಲ್ಲಿಸಿದ್ದೇ ಈ ಕಾಳು ಕಣ್ಣಿಗೆ ಬೀಳಲು ಕಾರಣವಾಯಿತು. ಅವನು ಸಂಘದ ಅಧ್ಯಕ್ಷೆ, ಊರಿಗೆಲ್ಲ ಮೌಶಿ ಅಂದರೆ ಚಿಕ್ಕಮ್ಮನಾದ ಜಿಜಾಬಾಯಿಗೆ ಫೋನ್ ಹಚ್ಚಿದ.

"ಮೌಶಿ, ಪೆಟ್ಟಿಗ್ಯಾಗ ಗೋಧಿ ಎಲ್ಲಿಂದ ಬಂತ್ರಿ?"

"ಗೋಧಿ ಅಷ್ಟೇ ಬಿತ್ತೇನು? ಉತ್ತತ್ತಿ ಬಿದ್ದಿಲ್ಲಲ್ಲ?" ಜಿಜಾಬಾಯಿಯ ದನಿಯಲ್ಲಿ ನಿಜವಾದ ಕಾಳಜಿಯಿತ್ತು. "ಗಂಟು ಬಿಗಿ ಕಟ್ರಬೇ ಅಂತ ಬಡಕೊಂಡೆ. ಯಾರ ಮಾತ ಯಾರು ಕೇಳ್ತಾರ?"

"ಯಾ ಗಂಟು ಮೌಶಿ?"

"ಉಡಿ ತಮ್ಮಾ, ಉಡಿ. ಹೆಣ್ಣುಮಗಳು ಊರು ಬಿಟ್ಟು ಅಷ್ಟು ದೂರ ಹೊಂಟಾಳ ಅಂದ್ರ ಉಡಿ ತುಂಬಲಾರದ ಕಳಸಾಕ ಬರ್ತದೇನು? ಗೋಧಿ, ಅರಿಶಿಣ ಕೊಂಬು, ಉತ್ತತ್ತಿ, ಕೊಬ್ಬರಿ ಬಟ್ಟಲ, ಎಲ್ಲಾ ಖಣದಾಗ ಕಟ್ಟಿ ಇಟ್ಟೀವಿ."

"ಅವು ರೊಟ್ಟಿ, ಮೌಶಿ!"

"ರೊಟ್ಟಿ ನಿನಗ. ನಾಲ್ಕು ದಿನ ಬಡದಾವ್ರು ನಾವು. ನಮ್ಮ ಕೈಯಾಗ ಹುಟ್ಯಾವ."

ಸಂಘರತ್ನ ಟೆಂಪೊಗೆ ಒರಗಿ ನಿಂತ. "ಯಾ ಪೆಟ್ಟಿಗ್ಯಾಗ ಇಟ್ಟೀರಿ ಅಷ್ಟು ಹೇಳ್ರಿ."

"ಎಲ್ಲಾದ್ರಾಗೂ. ಒಬ್ಬಾಕಿಗೆ ತುಂಬಿ ಇನ್ನೊಬ್ಬಾಕಿಗೆ ಬಿಟ್ರ ನಡೀತದೇನು? ಮೊದಲು ದುಬೈದವ್ರು ನೋಡ್ಲಿ ಅಂತ ಒಂದು ನಮೂನಿ ಪೆಟ್ಟಿಗಿ ಕಳಸಿದ್ವಲ್ಲ, ಆಗೂ ತುಂಬಿದ್ವಿ. ಯಾರೂ ಏನೂ ಅಂದಿಲ್ಲ."

"ಯಾರೂ ತೆಗದು ನೋಡಿಲ್ಲ, ಅದಕ್ಕ ಅಂದಿಲ್ಲ! ಇವತ್ತ ನೋಡ್ತಾರ ಮೌಶಿ, ಒಂದೊಂದು ತೆಗದು ನೋಡ್ತಾರ! ವಿಶಾಖಾ ಅಲ್ಲೇ ಇದ್ಲಲ್ಲ, ಆಕಿನೂ ಸುಮ್ನ ನಿಂತಿದ್ಲೇನು?"

"ನಿನ ಹೆಂಡ್ತಿ ಸುಮ್ನ ಯಾಕ ನಿಂದರ್ತಾಳ? ಆರು ಪೆಟ್ಟಿಗಿಗೆ ಆಕಿನೇ ತುಂಬ್ಯಾಳ."

ಫೋನಿಟ್ಟು ಗಡಿಯಾರ ನೋಡಿದ. ಹನ್ನೆರಡೂವರೆ. ಒಂದು ಪೆಟ್ಟಿಗೆಗೆ ಮೂರು ನಿಮಿಷ ಎಂದರೂ ನಲವತ್ತಕ್ಕೆ ಎರಡು ತಾಸು. ಹುಮನಾಬಾದಿಗೆ ಮುಕ್ಕಾಲು ತಾಸು. ಗೇಟು ಮುಚ್ಚುವುದು ನಾಲ್ಕಕ್ಕೆ. ನಡುವೆ ಏನೂ ಅಡ್ಡ ಬರದಿದ್ದರೆ ಆಗಬಹುದಾಗಿತ್ತು.

"ಖಮರಭಾಯ್, ಎಲ್ಲಾ ಕೆಳಗ ಇಳಸ್ರಿ."

"ನಿಂಬೆಹಣ್ಣು ಬಿಚ್ಚಬ್ಯಾಡ್ರಿ ಅಂದೆ, ಕೇಳಿಲ್ಲ ನೀವು," ಎಂದ ಖಮರುದ್ದೀನ್ ತೋಳು ಮಡಚುತ್ತ.

ಮೊದಲ ಪೆಟ್ಟಿಗೆಯ ಟೇಪು ಕೊಯ್ದರು. ರೊಟ್ಟಿಯ ಕಟ್ಟುಗಳ ನಡುವೆ ಹಸಿರು ಖಣದ, ಅಂದರೆ ಕುಪ್ಪಸದ ಬಟ್ಟೆಯ, ಪುಟ್ಟ ಗಂಟು ಬೆಚ್ಚಗೆ ಕೂತಿತ್ತು. ಸಂಘರತ್ನ ಅದನ್ನು ತೆಗೆದು, ಒಳಗೆ ಚೆಲ್ಲಿದ ಒಂದೆರಡು ಕಾಳನ್ನೂ ಆರಿಸಿ, ಗಂಟನ್ನು ಪಕ್ಕದ ಕಟ್ಟೆಯ ಮೇಲಿಡಲು ಬಗ್ಗಿದ.

"ಏ ತಮ್ಮಾ! ಉಡಿ ಅದು! ನೆಲಕ್ಕ ಇಡ್ತಿ?"

ಕೂಗಿದವಳು ತಹಸೀಲ್ ಕಚೇರಿಯ ಗಿಡದ ನೆರಳಲ್ಲಿ ಕೂತಿದ್ದ ದ್ರೌಪತಮ್ಮ ಎಂಬ ಹಿರಿಯಳು. ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ಅವಳ ಸುತ್ತ ಇನ್ನೂ ಒಂದಷ್ಟು ಹೆಂಗಸರು ಆಧಾರ್ ಕಾರ್ಡು, ರೇಷನ್ ಕಾರ್ಡುಗಳ ಝೆರಾಕ್ಸ್ ಹಿಡಿದು ಯಾವುದೋ ಸಹಿಗಾಗಿ ಬೆಳಗ್ಗೆಯಿಂದ ಕಾಯುತ್ತಿದ್ದರು. ಕಾದು ಕಾದು ಬೇಸತ್ತವರಿಗೆ ಸಂಘರತ್ನ ದೇವರೇ ಕಳಿಸಿದ ತಮಾಷೆಯಂತೆ ಕಂಡ. ಎಲ್ಲರೂ ಎದ್ದು ಬಂದು ಟೆಂಪೊ ಸುತ್ತುವರಿದರು.

"ನೆಲಕ್ಕ ಇಡಂಗಿಲ್ಲಬೇ, ಈ ಅಂಗಡ್ಯಾಗ ಇಟ್ಟು ಹೋಗ್ತೀನಿ," ಎಂದು ಸಂಘರತ್ನ ಝೆರಾಕ್ಸ್ ಅಂಗಡಿಯ ಜಹೀರುದ್ದೀನನ ಕಡೆ ನೋಡಿದ. "ಸಂಜಿಗೆ ಬಂದು ಒಯ್ತೀನ್ರಿ ಭಾಯ್."

"ನಲವತ್ತು ಗಂಟಾ?" ಜಹೀರುದ್ದೀನ್ ತನ್ನ ಅಂಗಡಿಯನ್ನೊಮ್ಮೆ ಕಣ್ಣಲ್ಲೇ ಅಳೆದ. "ನಾ ಹೊರಗ ನಿಂತ್ರ ಮಶೀನ್ ಒಳಗ, ಮಶೀನ್ ಹೊರಗ ಇಟ್ರ ನಾ ಒಳಗ. ಎಲ್ಲಿ ಇಡ್ಲಿ? ಟೇಪ್ ಬೇಕಾದ್ರ ಹೇಳ್ರಿ, ಕೊಡ್ತೀನಿ."

ಟೆಂಪೊದಲ್ಲೇ ಇಟ್ಟುಕೊಳ್ಳುವಂತಿರಲಿಲ್ಲ. ಗೇಟಿನಲ್ಲಿ ಗಾಡಿಯನ್ನೂ ಕೆದಕಿ ನೋಡುತ್ತಾರೆ. ಸಂಘರತ್ನ ಗಂಟು ಹಿಡಿದ ಕೈಯನ್ನು ಅತ್ತ ಒಯ್ದ, ಇತ್ತ ಒಯ್ದ. ಅದನ್ನು ಇಡಲು ಭೂಮಿಯ ಮೇಲೆ ಅವನಿಗೆ ಜಾಗವಿರಲಿಲ್ಲ.

"ಉಡಿ ಉಡಿಗೇ ಸೇರಬೇಕು ತಮ್ಮಾ," ಎಂದು ದ್ರೌಪತಮ್ಮ ಸೆರಗು ಒಡ್ಡಿದಳು. "ಒಬ್ಬಾಕಿ ಬ್ಯಾಡ ಅಂದದ್ದು ಇನ್ನೊಬ್ಬಾಕಿಗೆ ಹೋಗ್ಲಿ. ಹಾಕು ಇಲ್ಲಿ."

ಹಾಕಿದ. ಅವಳು ಕಣ್ಣಿಗೊತ್ತಿಕೊಂಡು, "ನಿನ್ನ ಕೆಲಸ ಆಗ್ಲಿ," ಎಂದು ಹರಸಿದಳು. ಆ ಮಾತು ಕೇಳಿ ಅವನ ಎದೆ ಸ್ವಲ್ಪ ಹಗುರಾಯಿತು. ಎರಡನೆಯ ಗಂಟು ಪಕ್ಕದವಳ ಮಡಿಲಿಗೆ, ಮೂರನೆಯದು ಅವಳ ಪಕ್ಕದವಳಿಗೆ ಹೋಯಿತು.

ಆಗ ಫೈಲು ಕಂಕುಳಲ್ಲಿಟ್ಟುಕೊಂಡ ಒಬ್ಬ ಮನುಷ್ಯ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು.

"ದಿಲೀಪ ಅಂತಾರ್ರಿ ನನಗ. ಕೋಟೆ ಕಡೆ ನಮ್ಮ ಮನಿ. ಏನು ಪರೇಶಾನಿ ಅದ ನಿಮಗ?"

ಸಂಘರತ್ನ ಕತ್ತರಿ ಆಡಿಸುತ್ತಲೇ ಎಲ್ಲ ಹೇಳಿಕೊಂಡ. ಕಷ್ಟದಲ್ಲಿರುವ ಮನುಷ್ಯನಿಗೆ ಯಾರಾದರೂ ಏನಾಯಿತೆಂದು ಕೇಳಿದರೆ ಸಾಕು. ದಿಲೀಪ ಪೂರ್ತಿ ಕೇಳಿದ. ತೆರೆದ ಪೆಟ್ಟಿಗೆಯಲ್ಲಿ ಇಣುಕಿದ. ಒಂದು ಗಂಟನ್ನು ಬಿಚ್ಚಿ, ಒಳಗೆ ಏನೇನಿದೆ ನೋಡಿ, ಅಚ್ಚುಕಟ್ಟಾಗಿ ಮತ್ತೆ ಕಟ್ಟಿದ.

"ಒಂದು ಕಾಳೂ ಉಳಿಸಬ್ಯಾಡ್ರಿ," ಎಂದ ಕೊನೆಗೆ. "ಆ ಮಂದಿ ಭಾಳ ಕಡಕ್ ಅದಾರ. ಎಲ್ಲಾ ತೆಗೀರಿ. ನಾ ಇದೀನಿ, ನೀವು ಫಿಕರ್ ಮಾಡಬ್ಯಾಡ್ರಿ."

ನಿಜಕ್ಕೂ ಅವನಂಥ ಮನುಷ್ಯ ಸಿಗುವುದು ಅಪರೂಪ. ಹೆಂಗಸರನ್ನು ಸಾಲಾಗಿ ನಿಲ್ಲಿಸಿದ. ಝೆರಾಕ್ಸ್ ಅಂಗಡಿಯಿಂದ ಹಾಳೆ ತರಿಸಿ, ಹರಿದು, ನಂಬರು ಬರೆದ ಚೀಟಿ ಹಂಚಿದ. ಯಾರಿಗೋ ಫೋನ್ ಮಾಡಿ, "ಕಚೇರಿ ಒಳಗ ಇದ್ದಾವ್ರು ಎಲ್ಲಾರೂ ಹೊರಗ ಬರ್ರಿ," ಎಂದ. ಇನ್ನಷ್ಟು ಹೆಂಗಸರು ಬಂದು ಶಿಸ್ತಾಗಿ ಸಾಲಿಗೆ ಸೇರಿದರು. ಖಮರುದ್ದೀನ್ ಪೆಟ್ಟಿಗೆ ಇಳಿಸುವುದು, ಸಂಘರತ್ನ ಟೇಪು ಕೊಯ್ದು ಗಂಟು ತೆಗೆಯುವುದು, ದಿಲೀಪ ನಂಬರು ಕೂಗುವುದು, ಹೆಂಗಸು ಸೆರಗೊಡ್ಡುವುದು, ಜಹೀರುದ್ದೀನ್ ಮತ್ತೆ ಟೇಪು ಅಂಟಿಸುವುದು. ಒಂದೂವರೆಗೆ ಹದಿನೆಂಟು ಪೆಟ್ಟಿಗೆ ಮುಗಿದವು.

ಕೆಟ್ಟದ್ದು ಶುರುವಾದದ್ದು ಇಪ್ಪತ್ತೈದನೆಯ ಪೆಟ್ಟಿಗೆಯಿಂದ. ಸಾಲು ಕಂಡಲ್ಲಿ ಹೋಗಿ ನಿಲ್ಲುವುದು ನಮ್ಮ ಜನಕ್ಕೆ ಅಭ್ಯಾಸ. ಯಾತಕ್ಕೆ ಎಂದು ಆಮೇಲೆ ಕೇಳಿದರಾಯಿತು. ಬಸ್‌ಸ್ಟ್ಯಾಂಡಿನವರೆಗೆ ಸುದ್ದಿ ಹೋಯಿತು. ಸರ್ಕಾರ ಉಡಿ ಕೊಡುತ್ತಿದೆ, ಖಣವೂ ಇದೆ, ಆಧಾರ್ ಝೆರಾಕ್ಸ್ ಸಾಕು. ಜಹೀರುದ್ದೀನನ ಅಂಗಡಿಯ ಮುಂದೆ ಝೆರಾಕ್ಸಿಗೆ ಬೇರೆಯೇ ಒಂದು ಸಾಲು ಹುಟ್ಟಿತು. ಅವನು ಟೇಪು ಅಂಟಿಸುವುದನ್ನು ಬಿಟ್ಟು ಮಶೀನಿನ ಹತ್ತಿರ ಓಡಿದ.

"ಇದು ಏನು ಯೋಜನೆರಿ?" ಎಂದು ಬುರ್ಖಾದ ಮುಖಪರದೆ ಸರಿಸಿ ಒಬ್ಬಳು ಕೇಳಿದಳು. ಅವಳ ಹೆಸರು ಸರ್ವರಿ, ಮಗಳ ಜಾತಿ ಪ್ರಮಾಣಪತ್ರಕ್ಕೆ ಬಂದವಳು.

"ಉಡಿ ಭಾಗ್ಯ ಅಂತಬೇ," ಎಂದಳು ಸಾಲಿನಲ್ಲಿ ಮುಂದೆ ನಿಂತವಳು.

"ನಮಗೂ ಅದ ಏನು?"

"ಸರ್ಕಾರದ್ದು ಅಂದ್ಮ್ಯಾಲ ಎಲ್ಲಾರಿಗೂ ಅದ. ನಿಂದರು."

"ಇದು ಸರ್ಕಾರದ್ದಲ್ರೀ!" ಎಂದು ಸಂಘರತ್ನ ಕೂಗಿದ. ಅದನ್ನು ಕೇಳಿದವರಿಗೆ ಇದು ಖಂಡಿತ ಸರ್ಕಾರದ್ದೇ ಎಂದು ಖಾತ್ರಿಯಾಯಿತು. ಕೊಡಲು ಮನಸ್ಸಿಲ್ಲದವರು ಯಾವಾಗಲೂ ಹಾಗೇ ಹೇಳುವುದು.

ಎರಡೂ ಇಪ್ಪತ್ತಕ್ಕೆ ನಲವತ್ತನೆಯ ಗಂಟು ನಲವತ್ತನೆಯ ಸೆರಗಿಗೆ ಬಿತ್ತು. ದಿಲೀಪ ಪೆನ್ನು ಕಿಸೆಗಿಟ್ಟ. "ನನಗ ಹುಮನಾಬಾದದಾಗ ಜರೂರಿ ಕೆಲಸ ಅದ್ರಿ. ಭೇಟಿ ಆಗೋಣು," ಎಂದು ಸಂಘರತ್ನನ ಎರಡೂ ಕೈ ಹಿಡಿದು ಕುಲುಕಿದ. ಇಂಥವರೂ ಇರುವುದರಿಂದಲೇ ಲೋಕ ನಡೆಯುತ್ತಿದೆ ಎಂದು ಸಂಘರತ್ನನಿಗೆ ಅನ್ನಿಸಿತು. ಒಂದು ಕಟ್ಟು ರೊಟ್ಟಿ ಕೊಡಬೇಕೆಂದುಕೊಂಡ, ಆದರೆ ಲೆಕ್ಕ ತಪ್ಪುತ್ತದೆಂದು ಸುಮ್ಮನಾದ.

ದಿಲೀಪ ಅತ್ತ ಹೋದದ್ದೇ ತಡ, ಚೀಟಿ ಸಿಗದ ಅರವತ್ತು ಹೆಂಗಸರು ಇತ್ತ ಟೆಂಪೊಗೆ ಅಡ್ಡ ನಿಂತರು.

"ನಮ್ಮದೆಲ್ಲಿ?"

"ಮುಗದ್ವು ಅಕ್ಕಾ, ಖರೇ ಮುಗದ್ವು!"

"ಆ ಪೆಟ್ಟಿಗ್ಯಾಗ ಏನದ ತೋರಸು! ನಿಮ್ಮ ಮಂದಿಗೆ ಇಟಗೊಂಡು ಹೊಂಟೀಯೇನು?"

ಯಾರೋ ಪೆಟ್ಟಿಗೆಗೆ ಕೈಹಾಕಿದರು. ಸಂಘರತ್ನ ಟೆಂಪೊದ ಹಿಂದೆ ಎರಡೂ ತೋಳು ಚಾಚಿ ನಿಂತ. ರೊಟ್ಟಿ ಒಡೆದರೂ ಫೇಲು, ಪೆಟ್ಟಿಗೆ ಹರಿದರೂ ಫೇಲು. ಗದ್ದಲ ಕೇಳಿ ಪೊಲೀಸಿನವನೊಬ್ಬ ಬಂದ. ಬಂದವನು ಲಾಠಿಯನ್ನು ನೆಲಕ್ಕೆ ಕುಟ್ಟಿ, "ಯೋಜನಾ ಆರ್ಡರ್ ತೋರಸು," ಎಂದ.

"ಯೋಜನಾನೇ ಇಲ್ರಿ ಸಾಹೇಬ್ರ."

"ಯೋಜನಾ ಇಲ್ಲದ ಹ್ಯಾಂಗ ಹಂಚಿದಿ?"

ಪೊಲೀಸಿನವನು ಹೆಸರು, ಅಪ್ಪನ ಹೆಸರು, ಊರು, ಗಾಡಿ ನಂಬರು ಎಲ್ಲ ನಿಧಾನವಾಗಿ, ಸೊಟ್ಟಗಿನ ಅಕ್ಷರಗಳಲ್ಲಿ ಬರೆದುಕೊಂಡ. ಸಂಘರತ್ನನ ಕಣ್ಣು ಗಡಿಯಾರದಿಂದ ಕದಲಲಿಲ್ಲ. ಎರಡೂ ಐವತ್ತು. ಮೂರು. ಮೂರೂ ಐದು. ಕೊನೆಗೆ ದಾರಿ ಬಿಡಿಸಿದವಳು ಸರ್ವರಿ. ಮುಂದೆ ಬಂದು ಅವನ ಮುಖ ನೋಡಿ, "ಛೋಡೋಜಿ, ಬಿಡ್ರಿ ಅವನಿಗೆ. ಅಳಾಕತ್ಯಾನ," ಎಂದಳು. ಅವನು ಅಳುತ್ತಿರಲಿಲ್ಲ, ಬೆವರುತ್ತಿದ್ದ. ಆದರೂ ಆ ಹೊತ್ತಿಗೆ ಅದನ್ನು ತಿದ್ದ ಹೋಗಲಿಲ್ಲ.

ಖಮರುದ್ದೀನ್ ಗಾಡಿ ಹೊಡೆದ ರೀತಿಗೆ ರೊಟ್ಟಿಗಳು ಒಳಗೆ ಕಟಕಟ ಎನ್ನತೊಡಗಿದವು. "ಹೌರಗ, ಖಮರಭಾಯ್," ಎಂದ ಸಂಘರತ್ನ. ನಿಧಾನ ಮಾಡಿದರೆ, "ಜಲ್ದಿ, ಖಮರಭಾಯ್," ಎಂದ. ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿಗೆ ಬಿದ್ದ ಮೇಲೆ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರಾಲಿ ಎಳೆದುಕೊಂಡು ರಸ್ತೆಯ ನಟ್ಟನಡುವೆ ಹೊರಟಿತ್ತು. ಅದರ ಹಿಂದೆ ಎರಡು ಮೈಲು ಕಳೆದವು. ಖಮರುದ್ದೀನ್ ಹಾರನ್ ಒತ್ತಿ ಒತ್ತಿ ಕೊನೆಗೆ ಹಾರನ್ನಿನ ದನಿಯೇ ಕುಂದಿತು. ಸಂಘರತ್ನ ಡ್ಯಾಶ್‌ಬೋರ್ಡು ಹಿಡಿದು ಕೂತ. ಆದರೆ ಒಳಗೊಳಗೆ ಒಂದು ಸಮಾಧಾನವಿತ್ತು. ಏನೇ ಆಗಲಿ, ಪೆಟ್ಟಿಗೆಗಳು ಈಗ ಶುದ್ಧವಾಗಿದ್ದವು. ಒಂದು ಕಾಳೂ ಇರಲಿಲ್ಲ.

ಗೇಟಿನೊಳಗೆ ನುಗ್ಗಿದಾಗ ಮೂರೂ ಐವತ್ತು.

ಕೇಂದ್ರದ ಒಳಗೆ ನೆಲ ಕನ್ನಡಿಯಂತಿತ್ತು, ತಣ್ಣಗಿತ್ತು. ತಪಾಸಣೆಯ ಅಧಿಕಾರಿ ಸಮ್ರೀನ ಮೇಡಂ ಕೈಗವಸು ಹಾಕಿಕೊಂಡು ಕಾಯುತ್ತಿದ್ದಳು. ಸಣ್ಣ ವಯಸ್ಸು, ದೊಡ್ಡ ಕನ್ನಡಕ. "ಎಷ್ಟು ಲೇಟ್ ಮಾಡ್ತೀರ್ರಿ! ನಾ ನಿಮ್ಮ ದಾರಿ ನೋಡಾಕತ್ತಿದ್ದೆ," ಎಂದು ಬೈದರೂ ಆ ಬೈಗುಳದಲ್ಲಿ ಅಂತಃಕರಣವಿತ್ತು. ನಲವತ್ತರಲ್ಲಿ ಹನ್ನೊಂದನೆಯದನ್ನು ಎಳೆಸಿ, ತೆರೆಸಿದಳು.

ರೊಟ್ಟಿಯ ಕಟ್ಟು ಎತ್ತಿ ಬೆಳಕಿಗೆ ಹಿಡಿದಳು. "ವಾಹ್," ಎಂದಳು. ಹಿಂಡಿಯ ಡಬ್ಬಿಯ ಮುಚ್ಚಳ ನೋಡಿದಳು, ತೂಕ ನೋಡಿದಳು. ಆಮೇಲೆ ಖಾಲಿ ಮೂಲೆಗಳಲ್ಲಿ ಬೆರಳು ಆಡಿಸಿದಳು. ಅವಳ ಬೆರಳು ತಳದ ರಟ್ಟನ್ನು ಎತ್ತಿತು, ಮಡಿಕೆಯೊಳಗೆ ಹೋಯಿತು, ಬರಿದಾಗಿ ಹೊರಬಂತು.

"ಒಂದು ಕಾಳೂ ಇಲ್ರಿ ಮೇಡಂ," ಎಂದ ಅವನು. ಬೆಳಗ್ಗೆಯಿಂದ ಮೊದಲ ಸಲ ಅವನ ದನಿಯಲ್ಲಿ ಗತ್ತು ಬಂದಿತ್ತು.

"ಅದನ್ನೇ ನೋಡಾಕತ್ತೀನಿ," ಎಂದಳು ಮೇಡಂ. ಹುಬ್ಬು ಗಂಟಿಕ್ಕಿತ್ತು. ಇನ್ನೊಂದು ಪೆಟ್ಟಿಗೆ ತೆರೆಸಿದಳು. ಮತ್ತೊಂದು. ನಾಲ್ಕನೆಯದನ್ನು ತಾನೇ ಟೇಪು ಹರಿದು ತೆರೆದಳು. "ಎಲ್ಲಿ ಅವ್ರಿ ಗಂಟು?"

"ಯಾ ಗಂಟ್ರಿ?"

ಅವಳು ಮೇಜಿನ ಮೇಲಿದ್ದ ಹಾಳೆಯನ್ನು ಅವನ ಮುಂದೆ ಹಿಡಿದಳು. "ಸಾಮಾನಿನ ಹೊಸಾ ಪಟ್ಟಿ. ನಿನ್ನಿ ಸಂಜಿಗೆ ಎಲ್ಲಾ ಸಂಘಕ್ಕೂ ಮೇಲ್ ಮಾಡೀವಲ್ರಿ. ನಿಮ್ಮ ನಮೂನಿ ಪೆಟ್ಟಿಗಿ ಅಲ್ಲಿ ದುಬೈದಾಗ ತೆಗದಾಗ ಒಳಗ ಒಂದು ಗಂಟು ಇತ್ತಂತ. ಗೋಧಿ, ಅರಿಶಿಣ ಕೊಂಬು, ಉತ್ತತ್ತಿ, ಕೊಬ್ಬರಿ, ಖಣ. ಆ ಅಂಗಡಿಗೆ ಬರೋ ನಮ್ಮ ಕಡೆ ಹೆಣ್ಮಕ್ಕಳು ಅದನ್ನು ನೋಡಿ ಕಣ್ಣಾಗ ನೀರು ತಂದ್ರಂತ. ತವರಮನಿಂದ ಬಂದಂಗ ಆತು ಅಂದ್ರಂತ. ಖರೀದಿ ಮಾಡಾವ್ರಿಗೆ ರೊಟ್ಟಿಗಿಂತ ಗಂಟೇ ಪಸಂದ್ ಆಗೇದ. ಅದಕ್ಕ ಪರ್ಮಿಟ್ ಎಲ್ಲಾ ತಗೊಂಡು ಪಟ್ಟಿಗೆ ಸೇರಿಸೀವಿ. ಪೆಟ್ಟಿಗಿಗೊಂದು ಗಂಟು. ಗಂಟು ಇಲ್ಲ ಅಂದ್ರ ಮಾಲು ಇಲ್ಲ."

ಸಂಘರತ್ನ ಹಾಳೆ ಓದಿದ. ಅಕ್ಷರಗಳು ಕಾಣುತ್ತಿದ್ದವು, ಅರ್ಥವಾಗುತ್ತಿರಲಿಲ್ಲ. ನಿನ್ನೆ ಸಂಜೆ ಅವನು ಟೆಂಪೊ ಗೊತ್ತುಮಾಡಲು ಓಡಾಡುತ್ತಿದ್ದ. ಮೇಲ್ ನೋಡಿರಲಿಲ್ಲ.

"ಇದ್ವು ಮೇಡಂ. ಎಲ್ಲಾದ್ರಾಗೂ ಇದ್ವು. ನಾನೇ ತೆಗದೆ."

"ಯಾಕ?"

"ಪಾಸ್ ಆಗ್ಲಿ ಅಂತ."

ಸಮ್ರೀನ ಮೇಡಂ ಕನ್ನಡಕ ತೆಗೆದು ಒರೆಸಿದಳು.

"ಮಾಣಿಕನಗರ ಇಲ್ಲೇ ಅದ, ಸಾಮಾನು ಎಲ್ಲಾ ಸಿಗ್ತದ. ಒಂದು ತಾಸು ಕೊಡ್ರಿ ಮೇಡಂ, ಕಾಲು ಬೀಳ್ತೀನಿ."

"ಗೇಟು ಮುಚ್ಚಾಕ ಐದು ನಿಮಿಷ ಉಳದದ್ರಿ. ಲಾರಿ ನಾಲ್ಕೂವರೆಗೆ ಬಿಡ್ಲಿಲ್ಲಂದ್ರ ಶಂಷಾಬಾದದಾಗ ವಿಮಾನ ಸಿಗಂಗಿಲ್ಲ. ವಿಮಾನ ನನ್ನ ಮಾತು ಕೇಳ್ತದೇನು?" ಅವಳು ಒಳಗೆ ತಿರುಗಿ ಕೂಗಿದಳು. "ಕಾಯೋ ಪಟ್ಟಿ ನಂಬರ್ ಒಂದು! ನಿಮ್ಮ ಮಾಲು ತರ್ರಿ!"

ಒಳಗಿನ ಬಾಗಿಲು ತೆರೆಯಿತು. ಕೈಗಾಡಿಯ ಮೇಲೆ ನಲವತ್ತು ಪೆಟ್ಟಿಗೆ ಬಂದವು. ಅವುಗಳ ಹಿಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಅವನ ಹಿಂದೆ ಹಣೆ ತುಂಬ ಕುಂಕುಮದ ದ್ರೌಪತಮ್ಮ.

ಮೇಡಂ ಒಂದು ಪೆಟ್ಟಿಗೆ ತೆರೆದಳು. ರೊಟ್ಟಿಯ ಕಟ್ಟುಗಳ ನಡುವೆ ಹಸಿರು ಖಣದ ಗಂಟು ಬೆಚ್ಚಗೆ ಕೂತಿತ್ತು. "ಬರಾಬರ್ ಅದ," ಎಂದಳು. ಸೀಲು ಬಿತ್ತು. ಇನ್ನೊಂದು, ಮತ್ತೊಂದು. ಗಂಟೊಂದರ ಬಾಯಿಗೆ ಗುಲಾಬಿ ದಾರ ಸುತ್ತಿತ್ತು. ಅದು ವಿಶಾಖಾ ಕಟ್ಟುವ ರೀತಿ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಸಂಘರತ್ನ ಆ ಗಂಟನ್ನು ತನ್ನ ಬುತ್ತಿಯ ಮೇಲೆ ದಿನಾ ನೋಡಿದ್ದ.

"ಇವು ನಮ್ಮವು," ಎಂದ.

"ಇದ್ವು," ಎಂದ ದಿಲೀಪ ವಿನಯದಿಂದ. "ನೀವೇ ಕೊಟ್ರಿ. ಬಸವಕಲ್ಯಾಣದಾಗ ನೂರು ಮಂದಿ ನೋಡ್ಯಾರ."

"ನಿಮಗ ಹೊಸಾ ಪಟ್ಟಿ ಗೊತ್ತಿತ್ತೇನ್ರಿ?"

"ಕಾಯಾವ್ರು ನಾವು, ತಾಸಿಗೊಮ್ಮಿ ಮೇಲ್ ನೋಡ್ತೀವಿ. ನಿನ್ನಿ ಪಟ್ಟಿ ಓದಿ ನನಗ ಊಟ ಸೇರಿಲ್ರಿ. ಗೋರ್ಟಾದವರದ್ದೇ ನಮೂನಿ, ಅವರದ್ದೇ ಗಂಟು, ಇನ್ನ ನಮ್ಮ ನಂಬರ್ ಯಾವಾಗ ಬರ್ತದ ಅಂತ. ಇವತ್ತ ನಮ್ಮ ಸಂಘದ ಕಾಗದಕ್ಕ ಸಹಿ ಮಾಡಿಸಾಕ ಎಲ್ಲಾರೂ ತಹಸೀಲಿಗೆ ಬಂದಿದ್ವಿ. ನೋಡ್ತೀನಿ, ನೀವು ನಡುರಸ್ತ್ಯಾಗ ನಿಂತು ತೆಗದು ಹಂಚಾಕತ್ತೀರಿ. ಚೀಟಿ ತಗೊಂಡಾವ್ರು ನಲವತ್ತೂ ಮಂದಿ ನಮ್ಮ ಸಂಘದವ್ರೇ. ಬ್ಯಾಡ ಅನ್ನಾಕ ನಾ ಯಾರ್ರಿ?"

ದ್ರೌಪತಮ್ಮ ಹತ್ತಿರ ಬಂದು ಸಂಘರತ್ನನ ತಲೆಯ ಮೇಲೆ ಕೈಯಿಟ್ಟಳು. "ನಾ ಸುಳ್ಳು ಹೇಳಿಲ್ಲಪ್ಪಾ. ಉಡಿ ನೆಲಕ್ಕ ಬಿದ್ದಿಲ್ಲ," ಎಂದಳು. ಅವಳ ಕಣ್ಣಲ್ಲಿ ನಿಜವಾಗಿಯೂ ಕನಿಕರವಿತ್ತು. ಅದನ್ನು ನೋಡಿ ಅವನಿಗೆ ಇನ್ನಷ್ಟು ಸಂಕಟವಾಯಿತು. ಬೈಯೋಣವೆಂದರೆ ಬೈಗುಳ ಬರಲಿಲ್ಲ. ಆ ಗುಣಕ್ಕೇ ಅಲ್ಲವೇ ಊರವರು ಅವನನ್ನು ಕಾರ್ಯದರ್ಶಿ ಮಾಡಿದ್ದು.

ಸರಿಯಾಗಿ ನಾಲ್ಕೂವರೆಗೆ ಬಿಳಿ ಲಾರಿ ಗೇಟು ದಾಟಿ ಹೈದರಾಬಾದಿನ ದಿಕ್ಕಿಗೆ ತಿರುಗಿತು. ಸಂಘರತ್ನ ಅದು ಕಣ್ಮರೆಯಾಗುವವರೆಗೂ ನೋಡುತ್ತ ನಿಂತ. ಖಮರುದ್ದೀನ್ ಬೀಡಿ ಹಚ್ಚಿ, ನಲವತ್ತು ಪೆಟ್ಟಿಗೆಗಳನ್ನು ಒಂದೊಂದಾಗಿ ವಾಪಸ್ ಟೆಂಪೊಗೆ ಏರಿಸತೊಡಗಿದ.

ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಜಿಜಾಬಾಯಿ. ಹಿಂದೆ ಇಪ್ಪತ್ತೊಂದು ಹೆಂಗಸರು ಒಟ್ಟಿಗೆ ಮಾತಾಡುವ ಸದ್ದು.

"ಏನಾತು ತಮ್ಮಾ? ಮಧ್ಯಾಹ್ನದಿಂದ ಯಾರ ಬಾಯಿಗೂ ತುತ್ತು ಇಳದಿಲ್ಲ. ನೀ ಅಷ್ಟು ಚೀರಿದ ಮ್ಯಾಲ ವಿಶಾಖಾ ಅಂತೂ ಮೂಲ್ಯಾಗ ಕುಂತಾಳ. ನಮ್ಮ ಉಡಿಲಿಂದ ಕೆಲಸ ಕೆಡ್ತೇನು? ಖರೇ ಹೇಳು. ಹೊಂಟ್ವೇನು ದುಬೈಗೆ?"

ಸಂಘರತ್ನ ಫೋನನ್ನು ಇನ್ನೊಂದು ಕಿವಿಗೆ ಹಿಡಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

"ಹೊಂಟ್ವು ಮೌಶಿ. ನಲವತ್ತೂ ಹೊಂಟ್ವು. ಒಂದು ಉಡಿನೂ ಉಳದಿಲ್ಲ."

ಅತ್ತ ಕಡೆ ಹೋ ಎಂದು ಖುಷಿಯ ಕೂಗೆದ್ದಿತು. ಅದು ಇಳಿಯಲಿ ಎಂದು ಅವನು ಕಾದ.

"ರೊಟ್ಟಿ ಮಾತ್ರ ನನ್ನ ಹತ್ರ ಉಳದಾವ," ಎಂದ.